ಗ್ರೀಕರ ಮನೆಯ ನೆಂಟರು

ಇಂಗ್ಲಿಷಿನಲ್ಲಿ 'ಎಂಟರ್‌ಟೇನ್' ಎಂಬ ಪದವೊಂದಿದೆ. ಮನೆಗೆ ಬಂದವರನ್ನು ಕೂರಿಸಿ ಊಟ ಹಾಕಿದರೂ ಎಂಟರ್‌ಟೇನ್. ಹಾಡಿ ಕುಣಿದು ಅವರನ್ನು ನಗಿಸಿದರೂ ಎಂಟರ್‌ಟೇನ್. ಒಲೆಯ ಮುಂದೆ ಬೆವರು ಸುರಿಸುವವಳ ಕೆಲಸವನ್ನೂ, ಬಣ್ಣ ಹಚ್ಚಿಕೊಂಡು ರಂಗದ ಮೇಲೆ ನಿಂತವನ ಕೆಲಸವನ್ನೂ ಒಂದೇ ಚೀಲಕ್ಕೆ ತುಂಬಿಬಿಟ್ಟಿದ್ದಾರೆ. ಇದನ್ನು ಕನ್ನಡಕ್ಕೆ ತರಬೇಕಾದರೆ ನಾವು ಚೀಲ ಬಿಚ್ಚಿ ಎರಡು ಪಾಲು ಮಾಡಬೇಕು. ಒಂದು ಅತಿಥಿಸತ್ಕಾರ, ಇನ್ನೊಂದು ಮನರಂಜನೆ. ಗ್ರೀಕ್ ಭಾಷೆಗೆ ತರಬೇಕಾದರೆ ಮೂರು ಪಾಲು: ಫಿಲೊಕ್ಸೆನಿಯಾ, ಪ್ಸಿಖಗೊಗಿಯಾ, ದಿಯಸ್ಕೆದಸಿ. ಹೆಸರು ಕೇಳಿ ಹೆದರಬೇಡಿ. ಮೂರರ ಒಳಗೂ ಒಂದೊಂದು ಕತೆಯಿದೆ.

ನಾನು ಇತಿಹಾಸ ಪಾಠ ಹೇಳಿದವಳು, ಭಾಷಾಪಂಡಿತಳಲ್ಲ. ಆದರೆ ಒಂದು ನಾಡಿನ ಹೆಂಗಸರ ಕತೆ ಶಾಸನಗಳಲ್ಲಿ ಸಿಗದಿದ್ದಾಗ ನಿಘಂಟು ತೆರೆದು ಕೂರುವ ಅಭ್ಯಾಸ ನನಗಿದೆ. ಶಾಸನ ಬರೆಸುವವರು ಗಂಡಸರು. ಪದಗಳನ್ನು ದಿನವೂ ಬಾಯಲ್ಲಿ ಉರುಳಿಸಿ ಸವೆಸುವವರಲ್ಲಿ ನಾವೂ ಇದ್ದೇವಲ್ಲ. ಹೀಗಾಗಿ ಈ ಇಂಗ್ಲಿಷ್ ಪದಗಳು ಗ್ರೀಕಿನಲ್ಲಿ ಏನಾಗುತ್ತವೆ ಎಂದು ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ಬರೀ ಪದಗಳಲ್ಲ.

ಮೊದಲ ಪದ 'ಕ್ಸೆನೊಸ್'. ಹಳೆಯ ಗ್ರೀಕಿನಲ್ಲಿ ಪರಕೀಯನಿಗೂ ಕ್ಸೆನೊಸ್, ಅತಿಥಿಗೂ ಕ್ಸೆನೊಸ್. ಅಷ್ಟೇ ಅಲ್ಲ, ಆ ಅತಿಥಿಯನ್ನು ಬರಮಾಡಿಕೊಂಡ ಮನೆಯವನಿಗೂ ಅದೇ ಹೆಸರು. ಗುರುತಿಲ್ಲದವನು ಹೊಸ್ತಿಲಿಗೆ ಬಂದ ಗಳಿಗೆಯಿಂದ ಇಬ್ಬರೂ ಒಂದು ನಂಟಿಗೆ ಸಿಕ್ಕಿಬೀಳುತ್ತಾರೆ, ಆ ನಂಟು ಮಕ್ಕಳು ಮೊಮ್ಮಕ್ಕಳವರೆಗೂ ನಡೆಯುತ್ತದೆ. ನಮ್ಮಲ್ಲಿ ನೋಡಿ, 'ಪರದೇಶಿ' ಎಂಬ ಪದ ಕ್ರಮೇಣ ದಿಕ್ಕಿಲ್ಲದವನು ಎಂಬ ಅರ್ಥಕ್ಕೆ ಇಳಿದುಬಿಟ್ಟಿತು. 'ಅಯ್ಯೋ ಪರದೇಶಿ' ಎಂದರೆ ಮರುಕ. ಗ್ರೀಕರ ಪರದೇಶಿ ಮಾತ್ರ ದೇವರ ಕಡೆಯವನು. ಅವರ ದೇವರಾಜ ಜ್ಯೂಸ್‌ಗೆ 'ಜ್ಯೂಸ್ ಕ್ಸೆನಿಯೊಸ್' ಎಂದೇ ಒಂದು ಹೆಸರು, ಅತಿಥಿಗಳನ್ನು ಕಾಯುವವನು ಎಂದು. ಬಾಗಿಲಿಗೆ ಬಂದ ಭಿಕ್ಷುಕನ ವೇಷದಲ್ಲಿ ದೇವರೇ ಇರಬಹುದು ಎಂಬ ಭಯಭಕ್ತಿ ಅವರಿಗೂ ಇತ್ತು.

ಹೋಮರನ ಇಲಿಯಡ್ ಕಾವ್ಯದಲ್ಲಿ ಇದಕ್ಕೊಂದು ಸೊಗಸಾದ ಪ್ರಸಂಗವಿದೆ. ಟ್ರೋಜನ್ ಯುದ್ಧದ ನಡುವೆ ಗ್ಲಾಕಸ್, ಡಯೊಮಿಡೀಸ್ ಎಂಬ ಇಬ್ಬರು ವೀರರು ಎದುರುಬದುರಾಗುತ್ತಾರೆ. ಹೊಡೆದಾಡುವ ಮೊದಲು ಕುಲಗೋತ್ರ ಹೇಳಿಕೊಳ್ಳುವಾಗ ಒಬ್ಬನ ಅಜ್ಜ ಇನ್ನೊಬ್ಬನ ಅಜ್ಜನ ಮನೆಯಲ್ಲಿ 20 ದಿನ ಅತಿಥಿಯಾಗಿದ್ದ ಸಂಗತಿ ಹೊರಬೀಳುತ್ತದೆ. ಅಲ್ಲಿಗೆ ಯುದ್ಧ ಮುಗಿಯಿತು. ಇಬ್ಬರೂ ಕೈಹಿಡಿದುಕೊಂಡು ಕವಚ ಬದಲಾಯಿಸಿಕೊಳ್ಳುತ್ತಾರೆ. ಅಜ್ಜಂದಿರು ಕೂಡಿ ಉಂಡ ಊಟ ಮೊಮ್ಮಕ್ಕಳ ಪ್ರಾಣ ಉಳಿಸಿತು. ಆ ಊಟವನ್ನು ಬಡಿಸಿದವರು ಯಾರು ಎಂದು ಕವಿ ಹೇಳುವುದಿಲ್ಲ.

ಆದರೆ ಅದೇ ಹೋಮರನ ಹೆಸರಿನಲ್ಲಿರುವ ಒಡಿಸ್ಸಿಯಲ್ಲಿ ಬಡಿಸಿದವರು ಕಾಣುತ್ತಾರೆ. ತೆಪ್ಪ ಒಡೆದು ಮೈಮೇಲೆ ಬಟ್ಟೆಯೂ ಇಲ್ಲದೆ ದಡಕ್ಕೆ ಬಿದ್ದ ಒಡಿಸ್ಯೂಸನನ್ನು ಮೊದಲು ನೋಡುವವಳು ಹೊಳೆಗೆ ಬಟ್ಟೆ ಒಗೆಯಲು ಬಂದ ರಾಜಕುಮಾರಿ ನಾಸಿಕಾ. ಗೆಳತಿಯರೆಲ್ಲ ಹೆದರಿ ಓಡಿದರೂ ಅವಳು ನಿಂತು ಮಾತಾಡಿಸಿ, ಉಡಲು ಬಟ್ಟೆ ಕೊಟ್ಟು, ಅರಮನೆಗೆ ಹೋದರೆ ಮೊದಲು ತನ್ನ ತಾಯಿಯ ಕಾಲು ಹಿಡಿಯಬೇಕೆಂದು ಹೇಳಿಕೊಡುತ್ತಾಳೆ. ಅಪ್ಪನದಲ್ಲ, ತಾಯಿಯದು. ಮನೆಯ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದು ಮಗಳಿಗೆ ಗೊತ್ತು. ಗ್ರೀಕರ ನಿಯಮದಂತೆ ಮೊದಲು ಉಪಚಾರ, ಊಟ. ಹೆಸರು ಊರು ಕೇಳುವುದೆಲ್ಲ ಆಮೇಲೆ. ಊಟವಾದ ಮೇಲೆ ಮೊದಲ ಪ್ರಶ್ನೆ ಕೇಳುವವಳು ರಾಣಿ ಅರೀಟಿ. 'ನೀನು ಯಾರು, ಎಲ್ಲಿಂದ ಬಂದೆ' ಎನ್ನುವುದರ ಜೊತೆಗೇ 'ಈ ಬಟ್ಟೆ ನಿನಗೆ ಕೊಟ್ಟವರು ಯಾರು' ಎಂದು ಕೇಳುತ್ತಾಳೆ. ಏಕೆಂದರೆ ಅದು ಅವಳೇ ದಾಸಿಯರೊಡನೆ ಕೂತು ತಯಾರಿಸಿದ ಬಟ್ಟೆ. ಅತಿಥಿ ಒಳಗೆ ಬಂದಾಗಲೇ ಅದನ್ನು ಗುರುತಿಸಿ, ಅವನು ಉಣ್ಣುವವರೆಗೂ ಬಾಯಿ ಬಿಡದೆ ಕೂತಿದ್ದಳಲ್ಲ, ಆ ತಾಳ್ಮೆ ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ಎಷ್ಟು ಜನಕ್ಕೆ ಸಾಧ್ಯ?

ಇನ್ನೊಂದು ಪ್ರಸಂಗ ಮಾತ್ರ ಇಷ್ಟು ಹಿತವಾದದ್ದಲ್ಲ. ಒಡಿಸ್ಯೂಸ್ ಊರಲ್ಲಿಲ್ಲದ ಕಾಲದಲ್ಲಿ ಅವನ ಹೆಂಡತಿ ಪೆನೆಲೊಪೆಯನ್ನು ಮದುವೆಯಾಗಬೇಕೆಂದು 108 ಮಂದಿ ಅವಳ ಮನೆಯಲ್ಲೇ ಠಿಕಾಣಿ ಹೂಡಿದ್ದರು. ದಿನವೂ ಹಂದಿ, ಕುರಿ, ದನ ಕಡಿಸಿ ತಿನ್ನುವುದು, ಕುಡಿಯುವುದು, ಪಗಡೆಯಂಥ ಆಟ ಆಡುವುದು, ಹಾಡುಗಾರನನ್ನು ಬಲವಂತವಾಗಿ ಹಾಡಿಸುವುದು. ಸತ್ಕಾರವೂ ಮನರಂಜನೆಯೂ ಎರಡೂ ಭರ್ಜರಿಯಾಗಿಯೇ ನಡೆದಿತ್ತು. ಆ ಮನೆಯಲ್ಲಿ ಹಿಟ್ಟು ಬೀಸಲೆಂದೇ 12 ಹೆಂಗಸರಿದ್ದರು. ಒಂದು ರಾತ್ರಿ 11 ಮಂದಿ ತಮ್ಮ ಪಾಲಿನ ಗೋಧಿ ಜವೆ ಬೀಸಿ ಮಲಗಿದ್ದಾರೆ. ಎಲ್ಲರಿಗಿಂತ ನಿತ್ರಾಣಳಾದ ಒಬ್ಬಳದು ಮಾತ್ರ ಮುಗಿದಿಲ್ಲ. ಬೆಳಗಾಗುತ್ತಿದೆ, ಮೋಡವಿಲ್ಲದ ಬಾನಿನಲ್ಲಿ ಗುಡುಗು ಕೇಳಿಸುತ್ತದೆ. ಅವಳು ಬೀಸುವ ಕಲ್ಲು ನಿಲ್ಲಿಸಿ ಜ್ಯೂಸನನ್ನು ಬೇಡಿಕೊಳ್ಳುತ್ತಾಳೆ: ಇವರಿಗೆ ಹಿಟ್ಟು ಬೀಸಿ ಬೀಸಿ ನನ್ನ ಮಂಡಿ ಮುರಿದುಹೋಯಿತು, ಈ ಮನೆಯಲ್ಲಿ ಇದೇ ಇವರ ಕೊನೆಯ ಊಟವಾಗಲಿ ಎಂದು.

ಇಡೀ ಕಾವ್ಯದಲ್ಲಿ ಅವಳಿಗೆ ಹೆಸರಿಲ್ಲ. ಕತ್ತಲಲ್ಲಿ ಕೂತು ಅವಳ ಮಾತು ಕೇಳಿಸಿಕೊಂಡ ಒಡಿಸ್ಯೂಸ್ ಅದನ್ನು ಶುಭಶಕುನವೆಂದು ಹಿಗ್ಗುತ್ತಾನೆ, ಅಷ್ಟೇ. ಆದರೆ ಬೀಸುವ ಕಲ್ಲಿನ ಮುಂದೆ ಕೂತು ಹಾಡಿಕೊಂಡ ಹೆಂಗಸರ ನಾಡಿನವರಾದ ನಮಗೆ ಅವಳ ದನಿ ಕೂಡಲೇ ಗುರುತು ಹತ್ತುತ್ತದೆ. 'ಅತಿಥಿ ದೇವರ ಸಮಾನ' ಎಂಬ ಮಾತನ್ನು ಹೇಳುವವರು ನಡುಮನೆಯಲ್ಲಿ ಕೂತಿರುತ್ತಾರೆ. ಆ ದೇವರಿಗೆ ಹಿಟ್ಟು ಬೀಸುವವಳು ಹಿತ್ತಲಲ್ಲಿರುತ್ತಾಳೆ. 'ಹಾಸ್ಪಿಟಾಲಿಟಿ' ಎಂಬ ಪದವನ್ನು ಯಾವ ಭಾಷೆಗೆ ತಂದರೂ ಈ ಬೀಸುವ ಕಲ್ಲನ್ನು ಬಿಟ್ಟು ತಂದರೆ ಅದು ಅರ್ಧ ಅನುವಾದವೇ.

ದುಡ್ಡು ಕೊಟ್ಟು ಉಳಿಯುವ ಜಾಗಕ್ಕೆ ಹಳೆಯ ಗ್ರೀಕರು 'ಪಂದೊಕೆಯಿಯೊನ್' ಎನ್ನುತ್ತಿದ್ದರು. ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳುವ ಜಾಗ ಎಂದರ್ಥ. ನಮ್ಮ ಧರ್ಮಛತ್ರದ ಮರ್ಯಾದೆ ಅದಕ್ಕಿರಲಿಲ್ಲ, ನಡೆಸುವವರಲ್ಲಿ ಹೆಂಗಸರೂ ಇದ್ದರು. ಕ್ರಿಸ್ತಪೂರ್ವ 405ರಲ್ಲಿ ಆಡಿದ ಅರಿಸ್ಟೊಫನೀಸನ 'ಕಪ್ಪೆಗಳು' ಎಂಬ ಹಾಸ್ಯನಾಟಕದಲ್ಲಿ ಇಂಥ ಇಬ್ಬರು ಹೋಟೆಲಿನ ಹೆಂಗಸರು ಬರುತ್ತಾರೆ, ಅದೂ ಪಾತಾಳದಲ್ಲಿ. ಹಿಂದೊಮ್ಮೆ ಮಹಾವೀರ ಹೆರಾಕ್ಲೀಸ್ ಬಂದು 16 ರೊಟ್ಟಿ, ತಟ್ಟೆಗಟ್ಟಲೆ ಮಾಂಸ, ಬೆಳ್ಳುಳ್ಳಿ, ಬುಟ್ಟಿಯ ಸಮೇತ ಗಿಣ್ಣು ತಿಂದು, ದುಡ್ಡು ಕೇಳಿದಾಗ ಕತ್ತಿ ಹಿರಿದು ಚಾಪೆಯನ್ನೂ ಎತ್ತಿಕೊಂಡು ಓಡಿದನಂತೆ. ಈಗ ಅವನ ವೇಷದಲ್ಲಿ ಬಂದ ದೇವರು ಡಯೊನೈಸಸ್‌ನನ್ನು ಹಿಡಿದು ಇಬ್ಬರೂ ಬಾಯಿಗೆ ಬಂದ ಹಾಗೆ ಬೈಯುತ್ತಾರೆ. ಪ್ರೇಕ್ಷಕರು ನಕ್ಕಿರಬೇಕು. ಲೋಕವೆಲ್ಲ ಹೊಗಳುವ ವೀರನ ಲೆಕ್ಕದ ಚೀಟಿ ಈ ಹೆಂಗಸರ ಕೈಲಿ ಬಾಕಿ ಉಳಿದಿತ್ತು ಎಂಬುದೇ ನನಗೆ ಆ ನಗೆಯೊಳಗಿನ ತಿರುಳು.

ಈ ಪಂದೊಕೆಯಿಯೊನ್ ಮುಂದೆ ಅರಬ್ಬರ ಬಾಯಿಗೆ ಹೋಗಿ 'ಫುಂದುಕ್' ಆಯಿತು. ಇಂದಿಗೂ ಅರಬ್ ನಾಡುಗಳಲ್ಲಿ ಹೋಟೆಲಿಗೆ ಅದೇ ಪದ. ಗ್ರೀಕರಲ್ಲಿ ಮಾತ್ರ ಇನ್ನೊಂದು ಪದ ಮೇಲೆದ್ದಿತು: 'ಕ್ಸೆನೊದೊಕಿಯೊ', ಪರಕೀಯರನ್ನು ಬರಮಾಡಿಕೊಳ್ಳುವ ಮನೆ. ಕ್ರೈಸ್ತಧರ್ಮ ಹರಡಿದ ಮೇಲೆ ಇದು ಪುಣ್ಯದ ಕೆಲಸವಾಯಿತು. ಇಂದಿನ ಟರ್ಕಿಯಲ್ಲಿರುವ ಸಿಸೇರಿಯಾ ಪಟ್ಟಣದ ಬಿಷಪ್ ಬೇಸಿಲ್ ಎಂಬುವರು ಸುಮಾರು ಕ್ರಿ.ಶ. 370ರ ವೇಳೆಗೆ ಊರ ಹೊರಗೆ ಪ್ರವಾಸಿಗಳಿಗೆ, ಬಡವರಿಗೆ, ರೋಗಿಗಳಿಗೆ, ಕುಷ್ಠರೋಗಿಗಳಿಗೂ ಸೇರಿದಂತೆ ದೊಡ್ಡ ವಸತಿಯೊಂದನ್ನು ಕಟ್ಟಿಸಿದರು. ಇಂಗ್ಲಿಷಿನ ಹಾಸ್ಪಿಟಲ್, ಹಾಸ್ಟೆಲ್, ಹೋಟೆಲ್ ಮೂರೂ ಅಕ್ಕತಂಗಿಯರು, ಅತಿಥಿ ಎಂಬರ್ಥದ ಒಂದೇ ಲ್ಯಾಟಿನ್ ಪದದ ಮಕ್ಕಳು. ಗ್ರೀಕರು ಮುಂದೆ ಆಸ್ಪತ್ರೆಗೆ ರೋಗಿಗಳನ್ನು ನೋಡಿಕೊಳ್ಳುವ ಜಾಗ ಎಂಬರ್ಥದ ಬೇರೆ ಪದ ಇಟ್ಟುಕೊಂಡು, ಕ್ಸೆನೊದೊಕಿಯೊವನ್ನು ಹೋಟೆಲಿಗೆ ಬಿಟ್ಟುಕೊಟ್ಟರು. ಇವತ್ತು ಅಥೆನ್ಸಿನಲ್ಲಿ ಆ ಫಲಕವಿರುವ ಕಡೆ ಪುಣ್ಯ ಸಿಗುವುದಿಲ್ಲ, ಬಿಲ್ಲು ಸಿಗುತ್ತದೆ.

ಅಲ್ಲಿ ಕ್ಸೆನೊದೊಕಿಯೊ ಎಂದರೆ ಉಳಿಯುವ ಜಾಗ ಮಾತ್ರ. ನಮ್ಮ ಊರುಗಳಲ್ಲಿ ಹೋಟೆಲು ಎಂದರೆ ಇಡ್ಲಿ ದೋಸೆ. ಉಳಿಯಲು ಲಾಡ್ಜಿಗೆ ಹೋಗಬೇಕು. ಗ್ರೀಕರು ತಿನ್ನುವ ಜಾಗಕ್ಕೆ 'ಎಸ್ತಿಯಾತೋರಿಯೊ' ಎನ್ನುತ್ತಾರೆ. ಅದರ ಬೇರು ಹೆಸ್ತಿಯಾ, ಮನೆಯ ಒಲೆಯ ದೇವತೆ. ಯಾವ ಪೂಜೆಯಲ್ಲೂ ಅವಳಿಗೆ ಮೊದಲ ಪಾಲು, ಆದರೆ ಅವಳ ಬಗ್ಗೆ ಕತೆಗಳು ಬಹಳ ಕಡಿಮೆ. ಮನೆ ಬಿಟ್ಟು ಹೊರಗೆ ಹೋದರಲ್ಲವೆ ಕತೆ ಹುಟ್ಟುವುದು! ಫ್ರೆಂಚರ 'ರೆಸ್ಟೊರೆಂಟ್' ಎಂಬುದು ಮೊದಲು ಮೈಗೆ ಚೇತರಿಕೆ ಕೊಡುವ ಸಾರಿನ ಹೆಸರಾಗಿತ್ತು. ಗ್ರೀಕರ ಅನುವಾದದಲ್ಲಿ ಅದು ಒಲೆಯ ಬಳಿ ಕರೆದು ಕೂರಿಸುವ ಜಾಗವಾಯಿತು. ನನಗೆ ಮೂಲಕ್ಕಿಂತ ಅನುವಾದವೇ ಚೆಂದ ಕಾಣುತ್ತದೆ.

ಇನ್ನು ಮನರಂಜನೆ. ಗ್ರೀಕಿನ 'ಪ್ಸಿಖಗೊಗಿಯಾ' ಎಂಬ ಪದವನ್ನು ಬಿಡಿಸಿದರೆ 'ಆತ್ಮವನ್ನು ಕರೆದೊಯ್ಯುವುದು' ಎಂದಾಗುತ್ತದೆ. ಮೊದಲು ಅದು ಸತ್ತವರ ಆತ್ಮಗಳನ್ನು ಮಂತ್ರ ಹಾಕಿ ಮೇಲೆ ಕರೆಸುವ ಕ್ರಿಯೆಗೆ ಹೇಳುವ ಮಾತು. ಪ್ಲೇಟೊ ಅದನ್ನು ಮಾತುಗಾರಿಕೆಗೆ ಅನ್ವಯಿಸಿದ. ಒಳ್ಳೆಯ ಮಾತುಗಾರ ಕೇಳುವವರ ಆತ್ಮವನ್ನೇ ಕೈಹಿಡಿದು ನಡೆಸುತ್ತಾನೆ ಎಂಬ ಭಾವದಲ್ಲಿ. ಇಂದು ರೇಡಿಯೊ, ಟಿ.ವಿ. ಕಾರ್ಯಕ್ರಮಗಳಿಗೂ ಅದೇ ಪದ. ಭೂತ ಕರೆಸುವ ಮಂತ್ರ ಹೋಗಿ ಧಾರಾವಾಹಿಗೆ ಬಂದು ನಿಂತಿದೆ. ನಮ್ಮ ಧಾರಾವಾಹಿಗಳಲ್ಲಿ ಸತ್ತವರು ಎದ್ದುಬರುವುದನ್ನು ನೋಡಿದರೆ ಹಳೆಯ ಅರ್ಥವೂ ಪೂರ್ತಿ ಹೋಗಿಲ್ಲ ಅನಿಸುತ್ತದೆ. 'ದಿಯಸ್ಕೆದಸಿ' ಎಂದರೆ ಚದುರಿಸುವುದು. ಗುಂಪು ಚದುರಿಸಿದ ಹಾಗೆ ಮನಸ್ಸಿನ ಚಿಂತೆ ಚದುರಿಸುವುದು. ಹೊರಗೆ ಹೋಗಿ ಉಂಡು ಕುಣಿದು ಬರುವುದಕ್ಕೆ ಈ ಪದ. ನಮ್ಮ 'ರಂಜನೆ'ಯ ಬೇರಿನಲ್ಲಿ ಇರುವುದು ಬಣ್ಣ ಹಚ್ಚುವುದು. ಹೀಗೆ ಒಬ್ಬರು ಮನಸ್ಸಿಗೆ ಬಣ್ಣ ಹಚ್ಚಿದರು, ಇನ್ನೊಬ್ಬರು ಅದರ ಕಸ ಗುಡಿಸಿದರು.

ನಾಟಕಕ್ಕೆ ಇಂಗ್ಲಿಷಿನಲ್ಲಿ 'ಪ್ಲೇ', ಆಟ. ನಾವೂ ಯಕ್ಷಗಾನಕ್ಕೆ ಆಟ ಎನ್ನುತ್ತೇವೆ, ಬಯಲಾಟ ಎನ್ನುತ್ತೇವೆ. ಗ್ರೀಕರು ಮಾತ್ರ ನಾಟಕಕ್ಕೆ, ಸಿನಿಮಾಕ್ಕೆ 'ಎರ್ಗೊ' ಎನ್ನುತ್ತಾರೆ. ಎರ್ಗೊ ಎಂದರೆ ಕೆಲಸ! ಮೇಳದವರನ್ನು ಕೇಳಿದರೆ ಗ್ರೀಕರ ಪದವೇ ಸರಿ ಎಂದಾರು. ರಾತ್ರಿಯಿಡೀ ಗೆಜ್ಜೆ ಕಟ್ಟಿ ಕುಣಿಯುವವನಿಗೆ ಅದು ಆಟವಲ್ಲ.

ಹಳೆಯ ಗ್ರೀಕರ ಇನ್ನೊಂದು ಮನರಂಜನೆ 'ಸಿಂಪೋಸಿಯಂ', ಅಂದರೆ ಕೂಡಿ ಕುಡಿಯುವುದು. ನಮ್ಮ ಕಾಲೇಜುಗಳಲ್ಲಿ ಗಂಭೀರ ಉಪನ್ಯಾಸಗಳಿಗೆ ಈ ಹೆಸರಿಟ್ಟು ಬ್ಯಾನರು ಕಟ್ಟುವಾಗ ನನಗೆ ನಗು ತಡೆಯುತ್ತಿರಲಿಲ್ಲ. ಅಥೆನ್ಸಿನ ಮನೆಗಳಲ್ಲಿ ಗಂಡಸರಿಗೆಂದೇ ಒಂದು ಕೋಣೆ. ಅಲ್ಲಿ ಮಂಚಗಳ ಮೇಲೆ ಒರಗಿ ಕುಡಿಯುತ್ತ, ಕವಿತೆ ತತ್ತ್ವ ಮಾತಾಡುತ್ತಿದ್ದರು. ಕೊಳಲು ಊದುವ, ಕುಣಿಯುವ ಬಾಡಿಗೆ ಹೆಂಗಸರು ಒಳಗೆ ಬರಬಹುದಿತ್ತು. ಮನೆಯ ಹೆಂಡತಿ, ಮಗಳು ಬರುವಂತಿರಲಿಲ್ಲ. ತನ್ನ ಮನೆಯ ಔತಣದಲ್ಲಿ ತಾನೇ ಇಲ್ಲ ಎಂಬುದು ಅವಳಿಗೆ ಹೊಸದಾಗಿ ಕಂಡಿರಲಿಕ್ಕಿಲ್ಲ. ನಮ್ಮ ಮನೆಗಳಲ್ಲೂ ಕಂಡ ಸಂಗತಿಯೇ ಅದು.

ಗ್ರೀಕರ ವಿನೋದಕ್ಕೂ ಕನ್ನಡಕ್ಕೂ ಒಂದು ಹಳೆಯ ನಂಟಿದೆ ಎಂಬುದನ್ನು ನೀವು ಕೇಳಿರಬಹುದು. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣದ ತಿಪ್ಪೆಗಳನ್ನು ಗ್ರೆನ್‌ಫೆಲ್, ಹಂಟ್ ಎಂಬ ಇಬ್ಬರು ಇಂಗ್ಲಿಷ್ ವಿದ್ವಾಂಸರು ಅಗೆದಾಗ ರಾಶಿರಾಶಿ ಪಪೈರಸ್ ಹಾಳೆಗಳು ಸಿಕ್ಕವು. ಅವುಗಳಲ್ಲಿ 1903ರಲ್ಲಿ ಅಚ್ಚಾದ 413ನೆಯ ಹಾಳೆ ಒಂದು ಗ್ರೀಕ್ ಪ್ರಹಸನ, ಕ್ರಿ.ಶ. 2ನೆಯ ಶತಮಾನದ ಪ್ರತಿ. ಕರಿಟಿಯನ್ ಎಂಬ ಗ್ರೀಕ್ ಹುಡುಗಿ ಹಿಂದೂಸ್ಥಾನದ ಕಡಲತೀರದ ಗುಡಿಯೊಂದರಲ್ಲಿ ಸೆರೆಯಾಗಿದ್ದಾಳೆ. ಬಿಡಿಸಿಕೊಂಡು ಹೋಗಲು ಅಣ್ಣ ಹಡಗಿನಲ್ಲಿ ಬಂದಿದ್ದಾನೆ. ಗ್ರೀಕರು ಅಲ್ಲಿನ ರಾಜನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಮತ್ತೇರಿಸಿ, ಕುಣಿಸಿ, ಕೊನೆಗೆ ರಾಜನನ್ನು ಕಟ್ಟಿಹಾಕಿ ಪಾರಾಗುತ್ತಾರೆ. ಸತ್ಕಾರದ ಹೆಸರಿನಲ್ಲಿ ಮೋಸ, ಮೋಸವೇ ಮನರಂಜನೆ. ಅವರ ಜೊತೆಗಿದ್ದ ವಿದೂಷಕ ಗುಡಿಯ ಕಾಣಿಕೆಗಳನ್ನೂ ಕದ್ದೊಯ್ಯೋಣ ಎಂದಾಗ ತಡೆಯುವವಳು ಆ ಹುಡುಗಿ. ಪ್ರಾಣ ಉಳಿಸೆಂದು ದೇವರನ್ನು ಬೇಡುವವರು ದೇವರ ಮನೆಯನ್ನೇ ದೋಚಬಾರದು ಎಂದು ಅವಳ ನಿಲುವು.

ಈ ನಾಟಕದಲ್ಲಿ ರಾಜನ ಕಡೆಯವರು ಆಡುವ ಮಾತು ಗ್ರೀಕಲ್ಲ. 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಸ್ ಅದು ಕನ್ನಡವಿರಬಹುದೆಂದು ಸೂಚಿಸಿದರು. ಕುಡಿತಕ್ಕೆ, ಮದ್ಯಕ್ಕೆ ಸಂಬಂಧಿಸಿದ ಕೆಲವು ಮಾತುಗಳನ್ನು ಕನ್ನಡವಾಗಿ ಓದಿ ತೋರಿಸಿದರು. ನಮ್ಮ ಆರ್. ಶಾಮಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಕೈಗೆತ್ತಿಕೊಂಡರು. ಬಾರ್ನೆಟ್ ಎಂಬ ವಿದ್ವಾಂಸರು ಒಪ್ಪಲಿಲ್ಲ. ಮುಂದೆ ಅದು ತುಳು ಎಂದವರೂ ಇದ್ದಾರೆ, ನಗಿಸಲೆಂದು ಹೊಸೆದ ಅರ್ಥವಿಲ್ಲದ ಸದ್ದು ಎಂದವರೂ ಇದ್ದಾರೆ. ತೀರ್ಮಾನವಾಗಿಲ್ಲ. ನನಗೆ ಕುತೂಹಲ ಹುಟ್ಟಿಸುವುದು ಬೇರೆ: ಪರಕೀಯನ ಮಾತನ್ನು ಅರ್ಥ ಮಾಡಿಕೊಳ್ಳುವುದಕ್ಕಿಂತ ಅದನ್ನು ಕೇಳಿ ನಗುವುದು ಆ ಕಾಲದಲ್ಲೂ ಸುಲಭವಾಗಿತ್ತು.

ಇನ್ನು ಹತ್ತಿರದ ಕಾಲಕ್ಕೆ ಬರೋಣ. ನಾಲ್ಕು ಶತಮಾನ ತುರ್ಕರ ಆಳ್ವಿಕೆಯಲ್ಲಿದ್ದ ಗ್ರೀಕರು 1821ರಲ್ಲಿ ದಂಗೆಯೆದ್ದು 1830ರಲ್ಲಿ ಸ್ವತಂತ್ರ ನಾಡಾದರು. 1834ರಲ್ಲಿ ಅಥೆನ್ಸ್ ರಾಜಧಾನಿಯಾಯಿತು. ಅಂಚೆ, ರೈಲು, ಬಸ್ಸು, ಹೋಟೆಲು, ಸೈಕಲ್ಲು, ಫುಟ್‌ಬಾಲು ಒಂದೊಂದಾಗಿ ಬಂದವು. ಪಂಡಿತರು ಎಲ್ಲಕ್ಕೂ ಹಳೆಯ ಗ್ರೀಕಿನಿಂದ ಪದ ಕಟ್ಟತೊಡಗಿದರು. ಬಸ್ಸಿಗೆ 'ಜನರನ್ನು ಹೊರುವುದು', ಸೈಕಲ್ಲಿಗೆ 'ಕಾಲಿನಿಂದ ನಡೆಯುವುದು', ಫುಟ್‌ಬಾಲಿಗೆ 'ಕಾಲು-ಚೆಂಡು' ಎಂಬರ್ಥದ 'ಪೊದೊಸ್ಫೆರೊ'. ಹೀಗೆ ಹೊಸದಾಗಿ ಹುಟ್ಟಿದ ಹತ್ತಾರು ಸಾವಿರ ಪದಗಳನ್ನು ಸ್ಟೆಫಾನೊಸ್ ಕೂಮನೂದಿಸ್ ಎಂಬ ವಿದ್ವಾಂಸರು ಒಟ್ಟುಗೂಡಿಸಿದ ಸಂಗ್ರಹ 1900ರಲ್ಲಿ ಹೊರಬಂತು. ಅವುಗಳಲ್ಲಿ ಎಷ್ಟೋ ಹುಟ್ಟಿದ ಮನೆಯಲ್ಲೇ ಸತ್ತವು. ಪೊದೊಸ್ಫೆರೊ ಬದುಕಿತು, ಬೀದಿಯ ಹುಡುಗರೂ ಹಾಗೇ ಅನ್ನುತ್ತಾರೆ. ಆದರೆ ಪಾರ್ಟಿ, ಹಾಬಿ, ಬಾರು, ಕ್ಲಬ್ಬು, ಪಿಕ್‌ನಿಕ್ಕು ಇವೆಲ್ಲ ಇದ್ದ ಹಾಗೇ ಒಳಗೆ ಬಂದು ಕೂತವು. ನಮ್ಮಲ್ಲೂ ಅಷ್ಟೇ. ಚಲನಚಿತ್ರ ಎಂದು ಬರೆಯುತ್ತೇವೆ, ಸಿನಿಮಾಕ್ಕೆ ಹೋಗುತ್ತೇವೆ. ಉಪಾಹಾರ ಮಂದಿರ ಎಂಬ ಫಲಕದ ಕೆಳಗೆ ನಿಂತು 'ಹೋಟೆಲಿಗೆ ಬಾ' ಎನ್ನುತ್ತೇವೆ.

ಪಂಡಿತರ ಗ್ರೀಕಿಗೂ ಮನೆಮಾತಿನ ಗ್ರೀಕಿಗೂ ನಡುವಣ ಜಗಳ ಬರೀ ಮಾತಿನದಾಗಿ ಉಳಿಯಲಿಲ್ಲ. 1901ರಲ್ಲಿ ಬೈಬಲ್ಲಿನ ಸುವಾರ್ತೆಯನ್ನು ಆಡುಮಾತಿಗೆ ತಂದು ಪತ್ರಿಕೆಯೊಂದು ಅಚ್ಚುಹಾಕಿದ್ದಕ್ಕೆ ಅಥೆನ್ಸಿನಲ್ಲಿ ಗಲಭೆಯೆದ್ದು 8 ಮಂದಿ ಸತ್ತರು, ಸರಕಾರ ಉರುಳಿತು. 1903ರಲ್ಲಿ ಈಸ್ಕಿಲಸನ ಹಳೆಯ ನಾಟಕಗಳನ್ನು ಸರಳ ಭಾಷೆಯಲ್ಲಿ ಆಡಿದ್ದಕ್ಕೆ ಮತ್ತೆ ಗಲಭೆ, ಮತ್ತೆ ಪ್ರಾಣಹಾನಿ. ಆಡುಭಾಷೆ ಶಿಕ್ಷಣದ ಅಧಿಕೃತ ಭಾಷೆಯಾದದ್ದು 1976ರಲ್ಲಿ. ತಾಯಂದಿರು ತೊಟ್ಟಿಲ ಬಳಿ ಆಡುವ ಮಾತಿಗೆ ಶಾಲೆಯ ಬಾಗಿಲು ಪೂರ್ತಿ ತೆರೆಯಲು ಅಷ್ಟು ವರ್ಷ ಬೇಕಾಯಿತು.

ಪಂಡಿತರ ಕೈ ಸೋಂಕದ ಜಾಗವೆಂದರೆ ಮನೆಯೊಳಗಿನ ಸತ್ಕಾರ. ಅಲ್ಲಿ ಅತಿಥಿಗೆ ಇಂದಿಗೂ ಪ್ರೀತಿಯಿಂದ 'ಮುಸಾಫಿರಿಸ್' ಎನ್ನುತ್ತಾರೆ. ಅರಬ್ಬಿಯ ಮುಸಾಫಿರ್ ತುರ್ಕಿಯ ಮೂಲಕ ಬಂದದ್ದು. ನಮಗೂ ಮುಸಾಫಿರಖಾನೆ ಗೊತ್ತು. ಅರಬ್ಬಿಯಲ್ಲೂ ನಮ್ಮಲ್ಲೂ ಅವನು ದಾರಿಹೋಕ, ಗ್ರೀಕರ ಹೊಸ್ತಿಲು ದಾಟಿದ್ದೇ ಅತಿಥಿ. ಬಂದ ಮುಸಾಫಿರಿಸನಿಗೆ ಮೊದಲು ಕೊಡುವುದು ಒಂದು ಚಮಚ ಸಿಹಿ, ಒಂದು ಲೋಟ ತಣ್ಣೀರು. 'ಚಮಚದ ಸಿಹಿ' ಎಂದೇ ಅದರ ಹೆಸರು. ಆಯಾ ಕಾಲದ ಹಣ್ಣುಗಳನ್ನು, ಹೇರಳೆಯಂಥ ಕಹಿ ಕಿತ್ತಳೆಯ ಸಿಪ್ಪೆ, ಹುಳಿ ಚೆರ್ರಿ, ಅಂಜೂರ, ಎಳೆಯ ಆಕ್ರೋಟು, ಸಕ್ಕರೆ ಪಾಕದಲ್ಲಿ ಕುದಿಸಿ ಭರಣಿಗಳಲ್ಲಿ ತುಂಬಿಡುತ್ತಾರೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಬಂದವರಿಗೆ ಬೆಲ್ಲ, ನೀರು ತಂದಿಡುತ್ತಿದ್ದರಲ್ಲ, ಅದೇ ರೀತಿ. ಇನ್ನೊಂದು ತಮಾಷೆಯೆಂದರೆ ಗ್ರೀಕರು ನೀರಿಗೆ 'ನೆರೊ' ಎನ್ನುತ್ತಾರೆ. ಕೇಳಿದವರಿಗೆ ನಮ್ಮ ನೀರೇ ಅನಿಸಬೇಕು. ಆದರೆ ಅದು 'ತಾಜಾ ನೀರು' ಎಂಬ ಹಳೆಯ ಮಾತಿನ 'ತಾಜಾ' ಎಂಬ ತುಂಡು, ಸಂಬಂಧವಿಲ್ಲ. ಸಕ್ಕರೆಯ ನಂಟು ಮಾತ್ರ ನಿಜವಾದದ್ದು. ಸಂಸ್ಕೃತದ ಶರ್ಕರಾ ನಮ್ಮಲ್ಲಿ ಸಕ್ಕರೆಯಾಯಿತು, ಪಡುವಣಕ್ಕೆ ಹೋಗಿ ಗ್ರೀಕರ 'ಜಾಖರಿ'ಯಾಯಿತು. ಅವರ ಮಿಠಾಯಿ ಅಂಗಡಿಯ ಫಲಕದಲ್ಲಿ ಆ ಪದ ಮೊದಲಿಗೇ ಇದೆ.

ಈ ಅಡಿಗೆಮನೆಗೂ ಒಬ್ಬ ಸುಧಾರಕ ಬಂದ. ನಿಕೊಲಾವ್ಸ್ ಸೆಲೆಮೆಂತೀಸ್ (1878–1958) ಎಂಬ ಬಾಣಸಿಗ ಗ್ರೀಕ್ ಅಡಿಗೆಯಿಂದ ತುರ್ಕಿಯ ಮಸಾಲೆ ಬಿಡಿಸಿ ಫ್ರೆಂಚ್ ಹದ ತರಬೇಕೆಂದು ಹಟ ತೊಟ್ಟ. ಬದನೆಕಾಯಿಯ ಮುಸಾಕಾದ ಮೇಲೆ ಹಾಲು ಮೈದಾ ಬೆಣ್ಣೆಯ ಬಿಳಿ ಪದರ ಬಂದದ್ದು ಅವನಿಂದಲೇ ಎನ್ನುತ್ತಾರೆ. ಅವನ ಪುಸ್ತಕ ಮನೆಮನೆಯಲ್ಲೂ ಸೇರಿ, 'ಸೆಲೆಮೆಂತೀಸ್' ಎಂದರೆ ಅಡಿಗೆ ಪುಸ್ತಕ ಎಂದೇ ಅರ್ಥವಾಯಿತು. ಬೀಸುವ ಕಲ್ಲಿನವಳಿಗೆ ಹೆಸರೇ ಇಲ್ಲ, ಪುಸ್ತಕ ಬರೆದವನ ಹೆಸರೇ ಪದವಾಯಿತು!

1950ರ ನಂತರ ಸರಕಾರ ಪ್ರವಾಸಿಗಳಿಗಾಗಿ ನಾಡಿನ ತುಂಬ ಹೋಟೆಲುಗಳನ್ನು ಕಟ್ಟಿಸಿ ಅವುಗಳಿಗೆ 'ಕ್ಸೆನಿಯಾ' ಎಂದು ಹೆಸರಿಟ್ಟಿತು. ಹೋಮರನ ಅತಿಥಿಧರ್ಮದ ಹೆಸರೇ ಅದು. ಕೆಲವು ಕಟ್ಟಡಗಳು ಆ ಕಾಲದ ಒಳ್ಳೆಯ ವಾಸ್ತುಶಿಲ್ಪವೆಂದು ಹೆಸರಾದವು. ಆಮೇಲೆ ಎಷ್ಟೋ ಪಾಳುಬಿದ್ದವು. ಹೆಸರು ಎತ್ತಿಕೊಳ್ಳುವುದು ಸುಲಭ. 2012ರ ಆಗಸ್ಟ್‌ನಲ್ಲಿ ಗ್ರೀಕ್ ಪೊಲೀಸರು ಕಾಗದಪತ್ರವಿಲ್ಲದ ವಲಸಿಗರನ್ನು ಹಿಡಿದು ಕೂಡಿಹಾಕುವ ದೊಡ್ಡ ಕಾರ್ಯಾಚರಣೆ ಆರಂಭಿಸಿದರು. ಅದಕ್ಕಿಟ್ಟ ಹೆಸರು 'ಕ್ಸೆನಿಯೊಸ್ ಜ್ಯೂಸ್', ಅತಿಥಿಗಳನ್ನು ಕಾಯುವ ದೇವರು! ಇದನ್ನು ಓದಿದ ದಿನ ನನಗೆ ಆ ದೇವರ ಬಗ್ಗೆಯೇ ಕನಿಕರವಾಯಿತು.

ಮೂರು ವರ್ಷದ ಮೇಲೆ, 2015ರಲ್ಲಿ, ಯುದ್ಧ ನಡೆಯುತ್ತಿದ್ದ ಸಿರಿಯಾ ಮೊದಲಾದ ನಾಡುಗಳಿಂದ ರಬ್ಬರ್ ದೋಣಿಗಳಲ್ಲಿ ಜನ ಬರತೊಡಗಿದರು. ಲೆಸ್ಬೊಸ್ ಎಂಬ ಒಂದೇ ದ್ವೀಪಕ್ಕೆ ಆ ವರ್ಷ ಸುಮಾರು 5 ಲಕ್ಷ ಮಂದಿ ಬಂದಿಳಿದರು. ದ್ವೀಪದ ಜನಸಂಖ್ಯೆ ಒಂದು ಲಕ್ಷವೂ ಇಲ್ಲ. ಆಗ ತೆಗೆದ ಚಿತ್ರವೊಂದು ಲೋಕವೆಲ್ಲ ಸುತ್ತಿತು. ಕಡಲ ದಡದ ಹಳ್ಳಿಯಲ್ಲಿ ಮೂವರು ಮುದುಕಿಯರು ಬೆಂಚಿನ ಮೇಲೆ ಕೂತಿದ್ದಾರೆ. ಒಬ್ಬಾಕೆಯ ತೊಡೆಯ ಮೇಲೆ ಸಿರಿಯಾದ ಹೆಣ್ಣೊಬ್ಬಳ ಮಗು, ಬಾಯಲ್ಲಿ ಹಾಲಿನ ಬಾಟಲಿ. ತಾಯಿ ಪಕ್ಕದಲ್ಲಿ ನಿಂತಿದ್ದಾಳೆ. ಆ ಅಜ್ಜಿಯರ ಹಿರಿಯರೂ 1922ರಲ್ಲಿ ಎದುರು ದಡದ ಟರ್ಕಿಯಿಂದ ಹೀಗೇ ದೋಣಿಯಲ್ಲಿ ಓಡಿಬಂದವರು. ಆಗ ಗ್ರೀಸಿಗೆ ಬಂದ 12 ಲಕ್ಷ ನಿರಾಶ್ರಿತರು ಗ್ರೀಕರೇ ಆಗಿದ್ದರೂ 'ತುರ್ಕರ ಬೀಜ' ಎಂಬ ಬೈಗುಳ ತಿಂದಿದ್ದರು. ಬಾಗಿಲ ಹೊರಗೆ ನಿಂತ ನೆನಪು ಮನೆತನದಲ್ಲಿ ಉಳಿದಿದ್ದವರಿಗೆ ಕ್ಸೆನೊಸ್ ಪದದ ಅರ್ಥ ನಿಘಂಟಿನಲ್ಲಿ ನೋಡಬೇಕಾಗಿರಲಿಲ್ಲ. ಆ ಅಜ್ಜಿಯರಲ್ಲಿ ಒಬ್ಬರ ಹೆಸರನ್ನು 2016ರ ನೊಬೆಲ್ ಶಾಂತಿ ಪ್ರಶಸ್ತಿಗೆ ಸೂಚಿಸಿದ್ದರು.

ಕತೆ ಇಲ್ಲಿಗೆ ಸುಖವಾಗಿ ಮುಗಿಯಲಿಲ್ಲ. ವರ್ಷಗಳು ಕಳೆದಂತೆ ದ್ವೀಪದವರಿಗೂ ದಣಿವಾಯಿತು, ಸಿಟ್ಟು ಬಂತು. ಲೋಕದ ಭಾರವನ್ನೆಲ್ಲ ನಾವೇ ಏಕೆ ಹೊರಬೇಕೆಂದು ಕೇಳಿದರು. ಕೇಳಿದ್ದು ತಪ್ಪೆನ್ನಲಾರೆ. ಮೋರಿಯಾ ಎಂಬಲ್ಲಿ ಸಾವಿರಾರು ಮಂದಿಯನ್ನು ಒತ್ತೊತ್ತಾಗಿ ತುಂಬಿದ್ದ ಶಿಬಿರ 2020ರ ಸೆಪ್ಟೆಂಬರಿನಲ್ಲಿ ಸುಟ್ಟುಹೋಯಿತು. ಹಿಟ್ಟು ಬೀಸುವವಳ ಮಂಡಿ ಮುರಿಯುವ ಮೊದಲು ಇನ್ನೊಬ್ಬರು ಬಂದು ಕಲ್ಲಿಗೆ ಕೈ ಹಾಕದಿದ್ದರೆ ಎಂಥ ದೊಡ್ಡ ಅತಿಥಿಧರ್ಮವೂ ಶಾಪವಾಗಿ ಮುಗಿಯುತ್ತದೆ ಎಂಬುದನ್ನು ಹೋಮರನ ಕಾವ್ಯ ಆಗಲೇ ಹೇಳಿತ್ತಲ್ಲ.

ಈಗ ಗ್ರೀಕರು ಕಂಪ್ಯೂಟರಿನ ಜಾಲತಾಣಕ್ಕೆ ಜಾಗ ಬಾಡಿಗೆ ಕೊಡುವುದಕ್ಕೂ ಫಿಲೊಕ್ಸೆನಿಯಾ ಎನ್ನುತ್ತಾರೆ. ಪರಕೀಯರ ಮೇಲಿನ ಪ್ರೀತಿ ಎಂಬುದು ಆ ಪದದ ಅಕ್ಷರಾರ್ಥ. ಪದಕ್ಕೇನು, ಯಾರು ಕರೆದರೂ ಹೋಗುತ್ತದೆ. ಪೊಲೀಸರು ಕರೆದರೂ, ಹೋಟೆಲಿನವರು ಕರೆದರೂ. ಆದರೆ ನನ್ನನ್ನು ಯಾರಾದರೂ 'ಹಾಸ್ಪಿಟಾಲಿಟಿಗೆ ಗ್ರೀಕಿನಲ್ಲಿ ಏನೆನ್ನುತ್ತಾರೆ' ಎಂದು ಕೇಳಿದರೆ ನಾನು ಫಿಲೊಕ್ಸೆನಿಯಾ ಎಂದು ಹೇಳಿ ಸುಮ್ಮನಾಗುವುದಿಲ್ಲ. ಬೀಸುವ ಕಲ್ಲಿನ ಮುಂದೆ ಬೆಳಗು ಮಾಡಿದ ಆ ಹೆಸರಿಲ್ಲದ ಹೆಂಗಸಿನ ಕತೆಯನ್ನೂ, ಅಪರಿಚಿತರ ಮಗುವಿಗೆ ಹಾಲು ಕುಡಿಸಿದ ಅಜ್ಜಿಯ ಕತೆಯನ್ನೂ ಜೊತೆಗೆ ಹೇಳುತ್ತೇನೆ. ಎರಡೂ ಕೇಳಿಸಿಕೊಂಡವರಿಗೆ ಪದ ಅರ್ಥವಾಗುತ್ತದೆ.